ಬೇರೆಯವರ ನೆರವಿಲ್ಲದೆ

ಮೂವತ್ತೊಂದು ವರ್ಷ ಪರರ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದ ಮನುಷ್ಯನಲ್ಲಿ ಮೊಣಕಾಲಿಗಿಂತ ಮೊದಲು ಸವೆಯುವುದು ಕುತೂಹಲ. ಮನೆಯಲ್ಲಿ ಎಷ್ಟು ಮಂದಿ, ನೀರು ಎಲ್ಲಿಂದ ಬರುತ್ತದೆ, ಯಾರಿಗಾದರೂ ಕಿವಿ ಮಂದವೇ, ಕಳೆದ ವಾರ ಕೆಲಸಕ್ಕೆ ಹೋಗಿದ್ದಿರಾ ಎಂದು ವರ್ಷಕ್ಕೊಂದು ಬಗೆಯ ಪ್ರಶ್ನೆಗಳನ್ನು ಹೊತ್ತು ಅವೇ ಏಳು ಬೀದಿಗಳನ್ನು ಸುತ್ತುತ್ತಿದ್ದ ಆತನನ್ನು ಜನ ಪ್ರಶ್ನೆಯಣ್ಣನೆಂದೇ ಕರೆಯುತ್ತಿದ್ದರು. ಆ ಹೆಸರಿನಲ್ಲಿ ಸ್ವಲ್ಪ ಸಲುಗೆಯಿತ್ತು, ಸ್ವಲ್ಪ ಗೇಲಿಯೂ ಇತ್ತು. ಎರಡನ್ನೂ ಆತ ಬಹಳ ಹಿಂದೆಯೇ ಒಪ್ಪಿಕೊಂಡಿದ್ದ.

ಆತನಿಗೆ ಉಳಿದಿದ್ದ ಅಭಿಮಾನ ಒಂದೇ. ಪ್ರಶ್ನೆಯನ್ನು ಅಚ್ಚಾದಂತೆ ಓದಬೇಕು; ಉತ್ತರವನ್ನು ಹೇಳಿದಂತೆ ಬರೆಯಬೇಕು. ಅರ್ಥವಾಗದಿದ್ದರೆ ಮತ್ತೆರಡು ಸಲ ಓದಬಹುದು, ವಿವರಿಸಕೂಡದು. ಹಿಂದೊಮ್ಮೆ ಮುದುಕನೊಬ್ಬ ತನ್ನ ವಯಸ್ಸು ನೂರನಲವತ್ತು ಎಂದಾಗ ಆತ ನೂರನಲವತ್ತು ಎಂದೇ ಬರೆದು ಕಚೇರಿಯಲ್ಲಿ ಬೈಸಿಕೊಂಡಿದ್ದ. "ತಿದ್ದೋದು ಕಚೇರಿಯ ಕೆಲಸ, ಕೇಳಿಸಿಕೊಳ್ಳೋದು ನನ್ನದು" ಎಂದು ಅಂದು ಕೊಟ್ಟ ಉತ್ತರವನ್ನು ಹೊಸದಾಗಿ ಸೇರಿದವರಿಗೆ ಈಗಲೂ ಹೇಳುತ್ತಿದ್ದ. ಅಂಕಿಗಳು ಮುಂದೆ ಎಲ್ಲಿಗೆ ಹೋಗುತ್ತವೆ, ಅವುಗಳಿಂದ ಯಾರು ಏನು ಮಾಡುತ್ತಾರೆ ಎಂದು ಮಾತ್ರ ಆತ ಒಂದು ದಿನವೂ ವಿಚಾರಿಸಿದವನಲ್ಲ.

ಆ ವರ್ಷದ ಸಮೀಕ್ಷೆ ಇಂಟರ್ನೆಟ್ ಬಳಕೆಯದು. ತರಬೇತಿಯ ದಿನ ಮೇಲ್ವಿಚಾರಕಿ ಗೋಡೆಯ ಮೇಲೆ ಒಂದು ದೊಡ್ಡ ಪಟ್ಟಿಯನ್ನು ಬಿಡಿಸಿ ತೋರಿಸಿದಳು. ನಲವತ್ತೆರಡು ದೇಶಗಳಲ್ಲಿ ಒಂದೇ ತಿಂಗಳು, ಒಂದೇ ಪ್ರಶ್ನೆ. ಒಂದು ದೇಶದಲ್ಲಿ ಜನ ಎದ್ದ ಕೂಡಲೇ ಹವಾಮಾನ ನೋಡುತ್ತಾರಂತೆ. ಇನ್ನೊಂದರಲ್ಲಿ ಓದುಬರಹ ತಿಳಿಯದವರು ದಿನಕ್ಕೆ ಐವತ್ತು ಸಲ ತಮ್ಮ ದನಿಯನ್ನು ಮುದ್ರಿಸಿ ಕಳಿಸುತ್ತಾರಂತೆ. ಮತ್ತೊಂದರಲ್ಲಿ ಮಕ್ಕಳ ಪರೀಕ್ಷೆಯ ದಿನ ಊರಿಗೆ ಊರೇ ಸಂಪರ್ಕ ಕಡಿದುಕೊಂಡು ಕೂರಬೇಕಂತೆ. "ದಿನವಿಡೀ ಬಳಸ್ತಾನೇ, ಬಳಸೋದೇ ಇಲ್ಲ ಅಂತ ಹೇಳೋ ದೇಶಗಳೂ ಇವೆ" ಎಂದು ಆಕೆ ಆಕಳಿಸಿದಳು. "ಆದ್ರೆ ನೀವು ತಿಳಿಸಿಹೇಳೋಕೆ ಹೋಗಬೇಡಿ. ಓದಿ, ಬರೀರಿ, ಬನ್ನಿ."

ಹಾಳೆಯ ನಾಲ್ಕನೆಯ ಪ್ರಶ್ನೆ ಹೀಗಿತ್ತು: ಕಳೆದ ಮೂರು ತಿಂಗಳಲ್ಲಿ ನೀವು ಸ್ವತಃ, ಬೇರೆಯವರ ನೆರವಿಲ್ಲದೆ, ಇಂಟರ್ನೆಟ್ ಬಳಸಿದ್ದೀರಾ? ಹೌದು, ಇಲ್ಲ. ಹೌದು ಎಂದವರಿಗೆ ಇನ್ನೂ ಹದಿನೆಂಟು ಪ್ರಶ್ನೆಗಳಿದ್ದವು. ಇಲ್ಲ ಎಂದವರ ಹಾಳೆ ಅಲ್ಲಿಗೇ ಮುಗಿಯುತ್ತಿತ್ತು.

ಈ ಒಂದು ಪ್ರಶ್ನೆ ಆತನ ಮನೆಯೊಳಗೂ ಕಾಲಿಟ್ಟಿತ್ತು. ಮೂರನೆಯ ಬೀದಿಯ ತಿರುವಿನಲ್ಲಿ ಪಟ್ಟಣದ ಕಚೇರಿಯವರು ನಡೆಸುತ್ತಿದ್ದ ಸಾರ್ವಜನಿಕ ಇಂಟರ್ನೆಟ್ ಕೊಠಡಿಯನ್ನು ಹತ್ತೊಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವಳು ಆತನ ಅಕ್ಕ. ಆರು ಕಂಪ್ಯೂಟರುಗಳು, ಕೆಮ್ಮುತ್ತ ಕಾಗದ ಉಗುಳುವ ಒಂದು ಪ್ರಿಂಟರು, ಕಾಲು ಅಲುಗುವ ಬೆಂಚು. ಗೋಡೆಯ ಮೇಲೆ ಅಕ್ಕ ತನ್ನ ಕೈಯಾರೆ ಬರೆದು ಅಂಟಿಸಿದ ಒಂದು ಕಾಗದವಿತ್ತು: ಯಾವ ದೇಶದಲ್ಲಿ ಈಗ ಎಷ್ಟು ಗಂಟೆ, ಅಲ್ಲಿರುವ ನಮ್ಮವರನ್ನು ಯಾವ ಹೊತ್ತಿನಲ್ಲಿ ಕರೆದರೆ ನಿದ್ದೆ ಕೆಡುವುದಿಲ್ಲ. ಹಡಗಿನಲ್ಲಿರುವವರ ಸಾಲಿನ ಎದುರು "ವಾರಕ್ಕೊಮ್ಮೆ ಒಂದು ಗಂಟೆ, ಅದೂ ಅಲೆ ಇಲ್ಲದಿದ್ದರೆ" ಎಂದು ಬರೆದಿದ್ದಳು.

ಕಳೆದ ತಿಂಗಳು ಕಚೇರಿಯಿಂದ ಅವಳಿಗೊಂದು ಪತ್ರ ಬಂದಿತ್ತು. ಸುತ್ತಲಿನ ಬೀದಿಗಳ ಇಂಟರ್ನೆಟ್ ಬಳಕೆಯ ಪ್ರಮಾಣವನ್ನು ಸಮೀಕ್ಷೆಯಿಂದ ತಿಳಿದು ಕೊಠಡಿಯ ಮುಂದುವರಿಕೆಯನ್ನು ತೀರ್ಮಾನಿಸಲಾಗುವುದು. ಮುಚ್ಚುವ ಪಕ್ಷದಲ್ಲಿ ತಮ್ಮನ್ನು ನೆಲಮಾಳಿಗೆಯ ಹಳೆಯ ಕಡತಗಳ ವಿಭಾಗಕ್ಕೆ ವರ್ಗಾಯಿಸಲಾಗುವುದು. ಅಕ್ಕನಿಗೆ ಉಬ್ಬಸವಿತ್ತು. ಚಾಪೆ ಕೊಡವಿದರೂ ಅವಳ ಎದೆ ಸೀಟಿ ಊದುತ್ತಿತ್ತು. ಆ ನೆಲಮಾಳಿಗೆಯಲ್ಲಿ ಕಿಟಕಿಯಿರಲಿಲ್ಲ. ಅಲ್ಲಿ ಹಿಂದೆ ಇದ್ದ ಗುಮಾಸ್ತ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ನಿವೃತ್ತನಾಗಿದ್ದ.

"ಬಳಕೆ ಇಲ್ಲ ಅಂದ್ರೆ ಮುಚ್ಚುತ್ತಾರೆ, ಇನ್ನೇನು" ಎಂದಿದ್ದಳು ಅಕ್ಕ, ಪತ್ರವನ್ನು ಮಡಿಸುತ್ತ. "ನಿನ್ನ ಹಾಳೆ ನೀನು ತುಂಬು. ನನಗೋಸ್ಕರ ಏನೂ ಮಾಡೋಕೆ ಹೋಗಬೇಡ. ಮಾಡೋನೂ ಅಲ್ಲ ಬಿಡು, ನೂರನಲವತ್ತು ಅಂತ ಬರೆದೋನು."

ಮೊದಲ ದಿನ ಮೂವತ್ತೊಂದು ಮನೆಗಳಾದವು. ಬೀಗ ರಿಪೇರಿಯವನು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ಫೋನನ್ನು ಡಬ್ಬಿಗೆ ಒರಗಿಸಿಕೊಂಡು, ಯಾವುದೋ ದೇಶದ ಇನ್ನೊಬ್ಬ ಬೀಗದವನು ಹೊಸ ಮಾದರಿಯ ಬೀಗವೊಂದನ್ನು ಬಿಚ್ಚುವುದನ್ನು ನೋಡುತ್ತಿದ್ದ. ಆ ಮನುಷ್ಯನ ಭಾಷೆ ಇವನಿಗೆ ತಿಳಿಯದು. ಕೈಗಳ ಭಾಷೆ ತಿಳಿಯುತ್ತಿತ್ತು.

"ಇಂಟರ್ನೆಟ್ ಬಗ್ಗೆ ಕೇಳೋಕೆ ಕಾಗದ ಹಿಡ್ಕೊಂಡು ಬಂದಿದ್ದೀಯಲ್ಲ ಪ್ರಶ್ನೆಯಣ್ಣ" ಎಂದು ನಕ್ಕ. "ಕೇಳು, ಕೇಳು."

ಪ್ರಶ್ನೆಯಣ್ಣ ನಾಲ್ಕನೆಯದನ್ನು ಓದಿದ.

"ಇಲ್ಲಪ್ಪ. ಅದಕ್ಕೆಲ್ಲ ನಮಗೆಲ್ಲಿ ಬಿಡುವು?" ಎಂದವನೇ ಫೋನಿನ ಕಡೆಗೆ ಬೆರಳು ತೋರಿಸಿ, "ಇವನ ಕೈ ನೋಡು, ಎಷ್ಟು ನಯ. ದಿನಾ ಸಂಜೆ ಇವನನ್ನ ನೋಡದಿದ್ರೆ ನನಗೆ ಊಟ ಸೇರೋಲ್ಲ" ಎಂದ.

ಪ್ರಶ್ನೆಯಣ್ಣನ ಪೆನ್ನು ಅರೆಗಳಿಗೆ ನಿಂತಿತು. ಮತ್ತೆ ಓದಿದ. ಮತ್ತೆ ಅದೇ ಉತ್ತರ. "ಇಲ್ಲ" ಎಂಬಲ್ಲಿ ಗುರುತು ಹಾಕಿ ಮೆಟ್ಟಿಲಿಳಿದ. ಸಂಜೆ ಅಕ್ಕನ ಕೊಠಡಿಯ ಬೆಂಚಿನ ಮೇಲೆ ಕುಳಿತು ಎಣಿಸಿದರೆ ಮೂವತ್ತೊಂದರಲ್ಲಿ ಇಪ್ಪತ್ತಮೂರು "ಇಲ್ಲ". ಆ ಇಪ್ಪತ್ತಮೂರು ಮನೆಗಳಲ್ಲಿ ಫೋನಿಲ್ಲದ್ದು ಒಂದೂ ಇರಲಿಲ್ಲ. ಆಚೆ ಮೇಜಿನಲ್ಲಿ ಅಕ್ಕ ಯಾರಿಗೋ ಆಸ್ಪತ್ರೆಯ ಸರದಿ ಹಿಡಿದು ಕೊಡುತ್ತಿದ್ದಳು. ಅವಳ ಉಸಿರಿನ ಸಣ್ಣ ಸೀಟಿ ಪ್ರಿಂಟರಿನ ಸದ್ದಿನ ನಡುವೆಯೂ ಕೇಳುತ್ತಿತ್ತು. ಆತ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡ. ಎಣಿಕೆಯನ್ನು ಮನೆಯವರಿಗೂ ಹೇಳಕೂಡದೆಂಬ ನಿಯಮವಿತ್ತು, ಹೇಳಲಿಲ್ಲ.

ಎರಡನೆಯ ದಿನ ಮೊದಲ ಬಾಗಿಲಲ್ಲೇ ಆತ ತನ್ನ ಮೂವತ್ತೊಂದು ವರ್ಷಗಳ ವ್ರತವನ್ನು ಮುರಿದ. ಮುರಿಯುವುದು ಅಷ್ಟು ಸುಲಭವೆಂದು ಆತನಿಗೆ ತಿಳಿದಿರಲಿಲ್ಲ. "ಫೋನಲ್ಲಿ ಮುಖ ನೋಡ್ಕೊಂಡು ಮಾತಾಡ್ತೀರಲ್ಲ, ಹಾಡು ಕೇಳ್ತೀರಲ್ಲ, ಅದೂ ಇಂಟರ್ನೆಟ್ಟೇ ಅಮ್ಮ" ಎಂದ, ಆಕೆ "ಹಾಗಾದ್ರೆ ಹೌದು ಅಂತ ಬರ್ಕೊ" ಎಂದಳು, ಮುಗಿಯಿತು. ಮುಂದಿನ ಮನೆಗೆ ಮಾತು ಇನ್ನೂ ನಯವಾಯಿತು. ಜನ ತಾವು ಅರಿಯದ ವಿದ್ಯೆಯೊಂದು ತಮಗೆ ಆಗಲೇ ಬಂದುಬಿಟ್ಟಿದೆಯೆಂದು ಕೇಳಿ ಸಂತೋಷಪಟ್ಟರು. ಒಂದು ಮನೆಯಲ್ಲಿ ಸೊಸೆಯೊಬ್ಬಳು ಅತ್ತೆಯ ಕಡೆ ತಿರುಗಿ, "ನೋಡಿದ್ರಾ, ನೀವೂ ಕಲಿತವರ ಲೆಕ್ಕಕ್ಕೆ ಸೇರಿದ್ರಿ. ಇನ್ನು ಮೇಲೆ ಔಷಧಿ ಫೋನಲ್ಲಿ ನೀವೇ ತರಿಸ್ಕೊಳ್ಳಿ" ಎಂದಳು. ಅತ್ತೆ ನಗಲಿಲ್ಲ. ಪ್ರಶ್ನೆಯಣ್ಣ ಅದನ್ನು ಗಮನಿಸಿಯೂ ಗಮನಿಸದವನಂತೆ ಹದಿನೆಂಟು ಪ್ರಶ್ನೆಗಳನ್ನು ಓದುತ್ತ ಹೋದ. "ಹೌದು" ಎಂಬ ಉತ್ತರದಿಂದ ಕೆಲಸ ನಾಲ್ಕು ಪಟ್ಟಾಯಿತು. ಪಾದಗಳು ಊದಿಕೊಂಡವು.

ಒಂಬತ್ತನೆಯ ದಿನ ಕೊನೆಯ ಬೀದಿಯ ಹೊಲಿಗೆಯಮ್ಮನ ಮನೆಗೆ ಬಂದ. ಹಳೆಯ ಬಟ್ಟೆಗಳನ್ನು ಬಿಚ್ಚಿ ಅಳತೆ ತಿದ್ದಿ ಕೊಡುವುದು ಆಕೆಯ ಕಸುಬು. ಕಿಟಕಿಯ ಬಳಿ ಹೊಲಿಗೆಯಂತ್ರ, ಯಂತ್ರದ ಮೇಲೆ ದಾರದ ಉಂಡೆಗಳ ಡಬ್ಬಿ, ಡಬ್ಬಿಗೆ ಒರಗಿಸಿದ ಫೋನು. ಆತ ಚೀಲ ಬಿಚ್ಚುವಷ್ಟರಲ್ಲಿ ಫೋನು ರಿಂಗಣಿಸಿತು. ಆಕೆ ಹಲ್ಲಿನಲ್ಲಿ ಹಿಡಿದಿದ್ದ ಸೂಜಿಯನ್ನು ತೆಗೆದು ಹಸಿರು ಗುರುತನ್ನು ಒತ್ತಿದಳು. ದೂರದೇಶದಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ ಮಾಡುವ ಮಗಳ ಮುಖ ಕಾಣಿಸಿತು. ಬಸ್ಸಿನಲ್ಲಿ ಕುಳಿತಿದ್ದಳು.

"ಯಾರಮ್ಮ ಅಲ್ಲಿ?"

"ಪ್ರಶ್ನೆಯಣ್ಣ. ಇಂಟರ್ನೆಟ್ ಬಳಸ್ತೀರಾ ಅಂತ ಕೇಳೋಕೆ ಬಂದಿದ್ದಾನೆ."

ಮಗಳು ನಕ್ಕಳು. "ಇಲ್ಲಿ ಬಂದು ಕೇಳೋಕೆ ಹೇಳು. ಡಾಕ್ಟರು, ಬಸ್ಸು, ಮನೆ ಬಾಡಿಗೆ ಎಲ್ಲ ಇದರಲ್ಲೇ. ಕಸದ ಗಾಡಿ ನಾಳೆ ಬರುತ್ತೋ ಇಲ್ವೋ ಅಂತಾನೂ ಇದೇ ಹೇಳಬೇಕು. ಒಂದಿನ ಕೆಟ್ಟರೆ ನಾನು ಈ ಊರಲ್ಲಿ ಇಲ್ಲವೇ ಇಲ್ಲ ಅಂತ ಲೆಕ್ಕ. ಸರಿ ಅಮ್ಮ, ಇಳಿಯೋ ಜಾಗ ಬಂತು."

ಮುಖ ಮಾಯವಾಯಿತು. ಹೊಲಿಗೆಯಮ್ಮ ಮತ್ತೆ ಸೂಜಿ ಹಿಡಿದಳು. ಪ್ರಶ್ನೆಯಣ್ಣ ನಾಲ್ಕನೆಯ ಪ್ರಶ್ನೆಯನ್ನು ಓದಿದ.

"ಇಲ್ಲ."

"ಈಗ ಮಾತಾಡಿದಿರಲ್ಲ ಅಮ್ಮ, ಅದೇ ಇಂಟರ್ನೆಟ್ಟು."

"ಅದು ಇಂಟರ್ನೆಟ್ಟು ಅಂತ ನನಗೂ ಗೊತ್ತು. ಮಾತಾಡಿದ್ದು ಅವಳು. ಅವಳು ಕರೀತಾಳೆ, ನಾನು ಹಸಿರು ಒತ್ತುತ್ತೀನಿ. ಹೋದ ತಿಂಗಳು ಆ ಹಸಿರು ಎಲ್ಲಿಗೋ ಹೋಗಿ ಹದಿನಾಲ್ಕು ದಿನ ಮಗಳ ಮುಖ ಕಾಣಲಿಲ್ಲ. ನಿಮ್ಮಕ್ಕ ಮೂರು ಸಲ ಕೂತು ಸರಿ ಮಾಡಿಕೊಟ್ಟಳು. ನೀನೇ ಓದಿದೆಯಲ್ಲ, ಬೇರೆಯವರ ನೆರವಿಲ್ಲದೆ ಅಂತ?"

"ಓದಿದೆ."

"ಮತ್ತೆ? ಇಲ್ಲ ಅಂತ ಬರಿ."

ಆತ ಮೂರನೆಯ ಸಲ ಓದಿದ. ಆಕೆ ತಲೆಯೆತ್ತದೆ, "ಕಿವಿ ಚೆನ್ನಾಗೇ ಇದೆಯಪ್ಪ ನನಗೆ. ಇಲ್ಲ" ಎಂದಳು.

"ಆಯ್ತಮ್ಮ" ಎಂದು ಹೊರಗೆ ಬಂದ. ಬೀದಿಯ ಕೊನೆಯ ಗೋಡೆಗೆ ಹಾಳೆಯನ್ನು ಒತ್ತಿ ಹಿಡಿದು "ಹೌದು" ಎಂಬಲ್ಲಿ ಗುರುತು ಹಾಕಿದ. ಉಳಿದ ಹದಿನೆಂಟು ಪ್ರಶ್ನೆಗಳಿಗೆ ಆಕೆಯ ಪರವಾಗಿ ಆತನೇ ಉತ್ತರ ಕೊಟ್ಟ. ಅಲ್ಲಿಯವರೆಗೆ ಆತ ಜನರ ಬಾಯಿಂದ ಹೌದೆನ್ನಿಸಿದ್ದ. ಬಾಯಿಂದ ಬಂದ ಇಲ್ಲವನ್ನು ಹೌದು ಮಾಡಿದ್ದು ಇದೊಂದೇ ಮನೆಯಲ್ಲಿ. ಆಮೇಲೆ ಆ ಗೋಡೆಯ ಪಕ್ಕದಲ್ಲೇ, ದಣಿದ ಎತ್ತಿನಂತೆ, ಬಹಳ ಹೊತ್ತು ನಿಂತಿದ್ದ.

ಎರಡು ತಿಂಗಳ ನಂತರ ಪತ್ರ ಬಂತು. ಅಕ್ಕ ಅದನ್ನು ಕೊಠಡಿಯಲ್ಲೇ ಒಡೆದು, ಓದಿ, ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ ತಮ್ಮನ ಮುಂದೆ ಹಿಡಿದಳು. ಈ ಬೀದಿಗಳ ನೂರಕ್ಕೆ ಎಂಬತ್ತಾರು ಮನೆಗಳಲ್ಲಿ ಜನರು ಸ್ವತಃ, ಬೇರೆಯವರ ನೆರವಿಲ್ಲದೆ, ಇಂಟರ್ನೆಟ್ ಬಳಸಲು ಶಕ್ತರಾಗಿರುವುದು ಸಂತೋಷದ ಸಂಗತಿಯೆಂದೂ, ಆದ್ದರಿಂದ ನೆರವಿನ ಕೊಠಡಿಯ ಅಗತ್ಯ ಇನ್ನು ಮುಂದೆ ಕಂಡುಬರುವುದಿಲ್ಲವೆಂದೂ ಅದರಲ್ಲಿ ಬರೆದಿತ್ತು. ಜನ ಕಡಿಮೆ ಬಲ್ಲ ಬೀದಿಗಳಲ್ಲಿ ಕೊಠಡಿಗಳನ್ನು ಉಳಿಸಲಾಗಿದೆ. ತಿಂಗಳ ಕೊನೆಯ ದಿನ ಯಂತ್ರಗಳನ್ನು ಸಾಗಿಸಲಾಗುವುದು.

ಆತ ಪತ್ರವನ್ನು ಅಚ್ಚಾದಂತೆಯೇ ಮೂರು ಸಲ ಓದಿದ. ಮೂರು ಸಲವೂ ಅದು ಅದನ್ನೇ ಹೇಳಿತು.

"ಎಂಬತ್ತಾರು" ಎಂದಳು ಅಕ್ಕ. "ದಿನಾ ಬೆಳಿಗ್ಗೆ ಇಲ್ಲಿ ಸಾಲು ನಿಲ್ಲೋರು ಯಾರು ಹಾಗಾದ್ರೆ? ಪಕ್ಕದೂರಿನವರಾ? ಜನ ನಿನಗೆ ನಿಜವಾಗ್ಲೂ ಹಾಗೆ ಹೇಳಿದ್ರಾ?"

ಆತ ಲೋಟವನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದ. ಇಪ್ಪತ್ತಮೂರು "ಇಲ್ಲ"ಗಳನ್ನು, ಎರಡನೆಯ ದಿನದ ಬಾಗಿಲನ್ನು, ಗೋಡೆಗೆ ಒತ್ತಿದ ಹಾಳೆಯನ್ನು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಆತನಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಅವಳು ಗೋಡೆಯ ಮೇಲಿನ ದೇಶಗಳ ಕಾಗದದತ್ತ ನೋಡುತ್ತ, "ಅಂಕಿ ಯಾಕೆ ಬೇಕು ಅಂತ ಮೂವತ್ತೊಂದು ವರ್ಷ ಕೇಳಲಿಲ್ಲ. ಕೇಳದೆ ಇದ್ದೋನು ಹಾಗೇ ಇರಬೇಕಿತ್ತು. ಇಲ್ಲಾಂದ್ರೆ ಸರಿಯಾಗಿ ಕೇಳಬೇಕಿತ್ತು" ಎಂದಳು. ಲೋಟವನ್ನು ಆತನ ಕಡೆ ಸರಿಸಿ, "ಚಹಾ ಆರಿಹೋಯ್ತು, ಕುಡಿ" ಎಂದಳು.

ಮರುದಿನ ಆತ ಮೇಲ್ವಿಚಾರಕಿಯ ಮೇಜಿನ ಮುಂದೆ ನಿಂತು ತನ್ನ ಇನ್ನೂರನಲವತ್ತು ಹಾಳೆಗಳನ್ನು ಹಿಂದಕ್ಕೆ ಕೇಳಿದ. ಮನೆಮನೆಗೆ ಮತ್ತೆ ಹೋಗುತ್ತೇನೆ, ಸಂಬಳ ಬೇಡ ಎಂದ. ಆಕೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಆಕೆಯ ಮೇಜಿನ ಮೇಲೂ ಯಾರದೋ ನೂರಾರು ಹಾಳೆಗಳಿದ್ದವು.

"ಹತ್ತು ಮನೆಗೆ ನಾವೇ ಫೋನ್ ಮಾಡಿ ಪರೀಕ್ಷೆ ಮಾಡಿದ್ವಿ, ಅಣ್ಣ. ಹತ್ತೂ ಜನ ಹೌದು ಅಂದ್ರು. ನೀವು ಅಷ್ಟು ಚೆನ್ನಾಗಿ ಕಲಿಸಿದ್ದೀರಿ. ಇಷ್ಟು ವರ್ಷದಲ್ಲಿ ನಿಮ್ಮ ಹಾಳೆ ಒಂದೂ ಆಕ್ಷೇಪಣೆ ಇಲ್ಲದೆ ಪಾಸಾಗಿದ್ದು ಇದೇ ಮೊದಲು."

"ಹೊಲಿಗೆಯಮ್ಮನಿಗೆ ಮಾಡಿದ್ರಾ?"

"ಯಾರು?"

"ಕೊನೆ ಬೀದಿ, ಕೊನೆ ಮನೆ."

"ಆ ಹತ್ತರಲ್ಲಿ ಇಲ್ಲ. ಲೆಕ್ಕ ಆಗಲೇ ದೊಡ್ಡ ಪಟ್ಟಿಗೆ ಸೇರಿಹೋಯ್ತು. ನಲವತ್ತೆರಡು ದೇಶದ ಜೊತೆ ನಮ್ಮದೂ ಕೂತಿದೆ. ನಿಮ್ಮ ಏಳು ಬೀದಿಗೋಸ್ಕರ ಅದನ್ನ ಎಬ್ಬಿಸ್ತಾರಾ?" ಎಂದ ಆಕೆ, ತುಸು ಮೆತ್ತಗಾಗಿ, "ನೀವು ತಪ್ಪು ಬರೆದೆ ಅಂತ ಕಾಗದ ಕೊಡಿ, ಮೇಲಕ್ಕೆ ಕಳಿಸ್ತೀನಿ. ನಿಮ್ಮನ್ನ ತೆಗೀತಾರೆ, ಅಷ್ಟು ಖಂಡಿತ. ಕೊಠಡಿ ಬರುತ್ತೆ ಅಂತ ಮಾತ್ರ ನಾನು ಹೇಳಲಾರೆ" ಎಂದಳು.

ಆತ ಅಲ್ಲಿಯೇ ನಿಂತು ಕಾಗದ ಬರೆದುಕೊಟ್ಟ. ಅಕ್ಷರ ಎಂದಿನಂತೆ ದುಂಡಗಿತ್ತು.

ತಿಂಗಳ ಕೊನೆಯ ದಿನದವರೆಗೂ ಅದಕ್ಕೆ ಉತ್ತರ ಬರಲಿಲ್ಲ. ಆ ದಿನ ಮಧ್ಯಾಹ್ನ ಸಾಗಣೆಯವರು ಇಬ್ಬರು ಬಂದು ಐದು ಕಂಪ್ಯೂಟರುಗಳನ್ನು ಗಾಡಿಗೆ ಏರಿಸಿದರು. ಆರನೆಯದರ ತಂತಿಗೆ ಕೈ ಹಾಕುವ ಹೊತ್ತಿಗೆ ಬಾಗಿಲಲ್ಲಿ ಹೊಲಿಗೆಯಮ್ಮ ಕಾಣಿಸಿಕೊಂಡಳು. ಎದೆಗೆ ಒಂದು ಕಾಗದದ ಕಟ್ಟನ್ನು ಅವಚಿಕೊಂಡಿದ್ದಳು.

ಮಗಳಿಗೆ ಇನ್ನೆರಡು ತಿಂಗಳಲ್ಲಿ ಹೆರಿಗೆ. ತಾಯಿ ಹೋಗಬೇಕಾದರೆ ಆ ದೇಶದವರ ಪ್ರವೇಶದ ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ತುಂಬಬೇಕು. ಗಡುವು ಇಂದಿಗೇ ಮುಗಿಯುತ್ತದೆ. ಮಗಳು ಅಲ್ಲಿಂದ ತುಂಬಲು ಹೋದರೆ ಅದು ಅರ್ಜಿದಾರರು ಇರುವ ದೇಶದಿಂದಲೇ ಬರಬೇಕೆಂದು ತಿರಸ್ಕರಿಸಿತಂತೆ.

"ನಿನ್ನೆ ಬಂದಿದ್ರೆ ಆರೂ ಇದ್ದವಲ್ಲಮ್ಮ" ಎಂದಳು ಅಕ್ಕ.

"ಅರ್ಜಿಗೆ ಬೇಕಾದ ಫೋಟೋ ನಿನ್ನೆ ಸಂಜೆ ಕೈಗೆ ಬಂತು, ತಾಯಿ." ಹೊಲಿಗೆಯಮ್ಮ ಖಾಲಿಯಾದ ಮೇಜುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಪ್ರಶ್ನೆಯಣ್ಣನ ಕಡೆ ತಿರುಗಿ, "ಈ ಬೀದಿಯವರಿಗೆಲ್ಲ ಬರುತ್ತೆ ಅಂತ ಮುಚ್ಚಿದ್ರಂತೆ. ನಾನು ಇಲ್ಲ ಅಂತ ಹೇಳಿದ್ದೆ ನಿನಗೆ" ಎಂದಳು.

"ಹೇಳಿದ್ರಿ."

"ಬರ್ಕೊಂಡೆಯಾ?"

"ಇಲ್ಲಮ್ಮ. ಹೌದು ಅಂತ ಬರೆದೆ."

ಹೊಲಿಗೆಯಮ್ಮ ಆತನನ್ನು ಅಳತೆ ತಪ್ಪಿದ ಬಟ್ಟೆಯನ್ನು ನೋಡುವಂತೆ ಮೇಲಿನಿಂದ ಕೆಳಗೆ ನೋಡಿದಳು. ಬಿಚ್ಚಿ ಹೊಲಿಯಬಹುದೋ, ಬಿಸಾಡಬೇಕೋ ಎಂದು ಯೋಚಿಸುವ ನೋಟ ಅದು. "ಹಾಗಾದ್ರೆ ನೀನೇ ಕೂತ್ಕೊ" ಎಂದು ಕಟ್ಟನ್ನು ಆತನ ಕೈಗಿತ್ತಳು.

ಅಕ್ಕ ಸಾಗಣೆಯವರನ್ನು ಬೆಂಚಿನ ಮೇಲೆ ಕೂರಿಸಿದಳು. ಪ್ರಶ್ನೆಯಣ್ಣ ಆರನೆಯ ಯಂತ್ರದ ಮುಂದೆ ಕುಳಿತು ಒಂದೇ ಬೆರಳಿನಲ್ಲಿ ಅಕ್ಷರಗಳನ್ನು ಹುಡುಕಿ ಹುಡುಕಿ ಒತ್ತತೊಡಗಿದ. ಜೀವಮಾನವಿಡೀ ಕೇಳುವವನಾಗಿದ್ದವನನ್ನು ಈಗ ದೂರದ ದೇಶವೊಂದು ಪುಟಪುಟವಾಗಿ ಕೇಳುತ್ತಿತ್ತು. ಹುಟ್ಟಿದ ದಿನ, ತಂದೆಯ ಕಸುಬು, ಹತ್ತು ವರ್ಷಗಳಲ್ಲಿ ವಾಸವಿದ್ದ ಮನೆಗಳು. ಹದಿನೈದು ನಿಮಿಷ ತಡವಾದರೆ ಪುಟ ತಾನಾಗಿ ಅಳಿಸಿಹೋಗುತ್ತಿತ್ತು; ಎರಡು ಸಲ ಅಳಿಸಿಹೋಯಿತು. ಹಿಂದೆ ನಿಂತ ಅಕ್ಕ ಕೆಮ್ಮುತ್ತ, "ಅಲ್ಲಲ್ಲ, ಕೆಳಗಡೆ, ಇನ್ನೂ ಕೆಳಗಡೆ" ಎನ್ನುತ್ತಿದ್ದಳು. ಸಾಗಣೆಯವರಲ್ಲಿ ಹಿರಿಯನಾದವನು, "ಯಜಮಾನ್ರೇ, ಹೀಗೆ ಒತ್ತಿದ್ರೆ ಮಗು ಶಾಲೆಗೆ ಸೇರೋ ಹೊತ್ತಿಗೆ ಅರ್ಜಿ ಮುಗಿಯುತ್ತೆ" ಎಂದ. ಯಾರಿಗೂ ನಗುವಷ್ಟು ತ್ರಾಣವಿರಲಿಲ್ಲ.

ಹೊರಗೆ ಬಿಸಿಲು ಇಳಿಯುತ್ತಿರುವಾಗ ಕೊನೆಯ ಪುಟದ ಕೊನೆಯ ಪ್ರಶ್ನೆ ತೆರೆಯಿತು. ಆತ ಅದನ್ನು ಗಟ್ಟಿಯಾಗಿ, ಅಚ್ಚಾದಂತೆ ಓದಿದ: "ಈ ಅರ್ಜಿಯನ್ನು ತುಂಬಲು ನೀವು ಬೇರೆಯವರ ನೆರವು ಪಡೆದಿದ್ದೀರಾ? ಹೌದು, ಇಲ್ಲ."

ಅಕ್ಕ ಬಗ್ಗಿ ನೋಡಿದಳು. "ಇಲ್ಲ ಅಂದ್ರೆ ಇಲ್ಲಿಗೆ ಮುಗಿಯುತ್ತೆ. ಹೌದು ಅಂದ್ರೆ ಇನ್ನೂ ಎರಡು ಪುಟ ಇದೆ. ನೆರವಾದವರು ಯಾರು, ಎಲ್ಲಿಯವರು, ಏನು ಸಂಬಂಧ, ಎಲ್ಲ ಕೇಳುತ್ತೆ."

ಸಾಗಣೆಯವರು ಎದ್ದು ನಿಂತಿದ್ದರು. ಪ್ರಶ್ನೆಯಣ್ಣನ ಬೆನ್ನು ಹಲಗೆಯಂತೆ ಸೆಟೆದಿತ್ತು. ಕಣ್ಣುಗಳಿಂದ ನೀರಿಳಿಯುತ್ತಿತ್ತು. ಆತ ಕುರ್ಚಿಯಲ್ಲಿ ಅರ್ಧ ತಿರುಗಿ ಹೊಲಿಗೆಯಮ್ಮನ ಮುಖ ನೋಡಿದ.

"ಏನಂತ ಬರೀಲಿ ಅಮ್ಮ?"

"ಹೌದು ಅಂತ."

ಆತ "ಹೌದು" ಎಂಬಲ್ಲಿ ಗುರುತು ಹಾಕಿದ. ಹೊಸ ಪುಟ ತೆರೆಯಿತು. ಆತ ಓದಿದ: "ನೆರವಾದವರಿಗೂ ನಿಮಗೂ ಏನು ಸಂಬಂಧ?"

ಹೊಲಿಗೆಯಮ್ಮ ಬೆಂಚಿನ ತುದಿಯಲ್ಲಿ ಕುಳಿತು ಕಾಲು ನೀಡಿದಳು.

"ಪ್ರಶ್ನೆ ಕೇಳೋನು ಅಂತ ಬರಿ" ಎಂದಳು. "ಬೇರೆ ಏನಿದೆ?"

ಆತ ಒಂದೊಂದೇ ಅಕ್ಷರವನ್ನು ಹುಡುಕುತ್ತ, ಹೇಳಿದ್ದನ್ನು ಹೇಳಿದಂತೆಯೇ ಬರೆಯತೊಡಗಿದ. ಅಕ್ಕ ಸಾಗಣೆಯವರ ಕಡೆ ತಿರುಗಿ, ಇನ್ನೂ ಒಂದು ಪುಟವಿದೆ ಎಂದು ಬೆರಳೆತ್ತಿ ತೋರಿಸಿದಳು. ಅವರು ಮತ್ತೆ ಕುಳಿತರು.